ಟಿಟ್ವಾಳಾ ಪರಿಸರ ಮಹಿಳಾ ಮಂಡಳಿಯ ದೇಣಿಗೆ

ನಾನು ವಸಂತಿ, ಟಿಟ್ವಾಳಾ ಪರಿಸರ ಅನ್ನಪೂರ್ಣಾ ಮಹಿಳಾ ಮಂಡಳಿಯ ಗೌರವ ಕೋಶಾಧಿಕಾರಿ. ನಗಬೇಡಿ. ಕೋಶದಲ್ಲಿ ಕಾಸಿಲ್ಲದ ಎಷ್ಟೋ ಸಂಸ್ಥೆಗಳು ಮುಂಬಯಿಯಲ್ಲಿ ವಜ್ರಮಹೋತ್ಸವ ಮಾಡಿಕೊಂಡಿವೆ. ನಮ್ಮದಕ್ಕೆ ಇನ್ನೂ ವರ್ಷ ತುಂಬಿಲ್ಲ. ಉಳಿದ ಹೊತ್ತಿನಲ್ಲಿ ನಾನು ಉಲ್ಹಾಸನಗರದಿಂದ ಬರುವ ಜೀನ್ಸ್ ಪ್ಯಾಂಟುಗಳ ಹೆಚ್ಚಿನ ದಾರ ಕತ್ತರಿಸುತ್ತೇನೆ. ಗಂಡ ಹೋದ ಮೇಲೆ ಅದೇ ನನ್ನ ಉದ್ಯೋಗ.

ಮಂಡಳಿ ಹುಟ್ಟಿದ ಕಥೆ ಹೇಳಬೇಕಾದರೆ ಮೊದಲು ಕಿಟ್ಟಿನ ಕಥೆ ಹೇಳಬೇಕು. ಡೊಂಬಿವಲಿಯ ಕಡಲತೀರ ಕನ್ನಡ ಬಳಗ ಪ್ರತಿ ತಿಂಗಳು ಒಂದು ಭಾನುವಾರ ನಮ್ಮಂಥ ಬಡವರಿಗೆ ಕಿಟ್ ಕೊಡುತ್ತದೆ. ಕಿಟ್ ಎಂದರೆ ಒಂದು ಚೀಲ. ಹೊರಗೆ ಬಳಗದ ಅಧ್ಯಕ್ಷ ಭುಜಂಗಣ್ಣನ ನಗುಮುಖ, ಒಳಗೆ ತೊಗರಿಬೇಳೆ, ಎಣ್ಣೆ, ಸಕ್ಕರೆ, ಚಹಾ ಪುಡಿ. ಭುಜಂಗಣ್ಣನಿಗೆ ಡೊಂಬಿವಲಿಯಲ್ಲೊಂದು, ಠಾಣೆಯಲ್ಲೊಂದು ವೆಜ್ ಹೋಟೆಲು. ಸಪ್ಲಾಯರ್ ಆಗಿ ಬಂದು ಮಾಲೀಕರಾದವರು. ಕೆಟ್ಟ ಮನುಷ್ಯ ಅಲ್ಲ. ಮೈಕ್ ಕೈಗೆ ಸಿಕ್ಕಿದಾಗ ಮಾತ್ರ ಸ್ವಲ್ಪ ಕೆಡುತ್ತಾರೆ.

ಅಕ್ಕಿ ರೇಷನ್ನಿನಲ್ಲಿ ಪುಕ್ಕಟೆ ಬರುತ್ತದೆ, ಇಲ್ಲವೆಂದರೆ ನಾಲಗೆ ಬಿದ್ದುಹೋದೀತು. ಆದರೆ ಬರೀ ಅನ್ನ ಎಷ್ಟು ದಿನ ಗಂಟಲಿಗೆ ಇಳಿಯುತ್ತದೆ? ಅದರ ಮೇಲೆ ಹೊಯ್ದುಕೊಳ್ಳಲು ಏನಾದರೂ ಬೇಕು. ಆ ಏನಾದರೂ ಎಂಬುದಕ್ಕೇ ಈಗ ಬೆಂಕಿ ಬಿದ್ದಿರುವುದು. ಬೇಳೆ ಕೇಳಿದರೆ ಅಂಗಡಿಯವನು ನಮ್ಮ ಮುಖವನ್ನೊಮ್ಮೆ ನೋಡಿ ಬೆಲೆ ಹೇಳುತ್ತಾನೆ, ಟೊಮೆಟೊ ಕೇಳಿದರೆ ನೋಡುವುದೂ ಇಲ್ಲ.

ನನ್ನ ಪಕ್ಕದ ಕೋಣೆಯ ಅಕ್ಕುವಿನ ಪಾಡು ನನಗಿಂತ ಬಿಗಿ. ಅವಳ ಗಂಡ ಯಜ್ಞೇಶ್ವರಣ್ಣ ಠಾಣೆಯ ಹೋಟೆಲುಗಳಲ್ಲಿ ಮೂವತ್ತು ವರ್ಷ ಅಡಿಗೆಯವರಾಗಿದ್ದವರು. ಈಗ ಬಲಗೈ ಬಲಗಾಲು ಬಿದ್ದುಹೋಗಿ ಮಂಚದಲ್ಲಿದ್ದಾರೆ. ದಿನಕ್ಕೆರಡು ಬಾರಿ ಮಾತ್ರೆ. ಹೊಟ್ಟೆ ತುಂಬ ಉಂಡು ನುಂಗಬೇಕು, ಇಲ್ಲದಿದ್ದರೆ ಕರುಳು ಉರಿದು ಒದ್ದಾಡುತ್ತಾರೆ. ಅವರನ್ನು ಬಿಟ್ಟು ಅಕ್ಕು ಕೆಲಸಕ್ಕೆ ಹೋಗುವಂತಿಲ್ಲ. ಹಾಗಾಗಿ ಆ ಮನೆಯ ಸಾರು ಪೂರ್ತಿ ಭುಜಂಗಣ್ಣನ ಚೀಲವನ್ನೇ ನಂಬಿಕೊಂಡಿತ್ತು. ಗಂಡನಿಗೆ ಗಟ್ಟಿ ಬಡಿಸಿ, ಮೇಲಿನ ತಿಳಿನೀರಿಗೆ ಉಪ್ಪು ಹಾಕಿ ತಾನು ಉಣ್ಣುವುದು ಅಕ್ಕುವಿನ ಕ್ರಮ. ಕೇಳಿದರೆ, ‘ನನಗೆ ಗ್ಯಾಸ್ಟ್ರಿಕ್, ಬೇಳೆ ಆಗುವುದಿಲ್ಲ’ ಎನ್ನುತ್ತಿದ್ದಳು. ಬೇಳೆ ತುಟ್ಟಿಯಾದಾಗಿನಿಂದ ನಮ್ಮ ಚಾಳಿನಲ್ಲಿ ಹಲವರಿಗೆ ಈ ಗ್ಯಾಸ್ಟ್ರಿಕ್ ಬಂದಿದೆ.

ಕಳೆದ ಮಳೆಗಾಲದ ಒಂದು ಭಾನುವಾರ ಬಳಗದ ಕಾರ್ಯದರ್ಶಿ ಹಯಗ್ರೀವರು ಮೈಕಿನಲ್ಲಿ, ‘ಬೆಲೆಯೇರಿಕೆಯ ಈ ಸಂಕಷ್ಟ ಕಾಲದಲ್ಲಿ ಕಿಟ್ಟನ್ನು ಕಿಂಚಿತ್ ಪರಿಷ್ಕರಿಸಲಾಗಿದೆ’ ಎಂದರು. ಹಯಗ್ರೀವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ವಿಶೇಷಣವಿಲ್ಲದೆ ನೀರನ್ನೂ ಕುಡಿಯುವುದಿಲ್ಲ. ಪರಿಷ್ಕರಣೆ ಎಂದರೇನೆಂದು ನಮಗೆ ಚೀಲ ಎತ್ತಿದಾಗ ಗೊತ್ತಾಯಿತು. ಎರಡು ಕಿಲೋ ಇದ್ದ ಬೇಳೆ ಅರ್ಧ ಕಿಲೋ ಆಗಿತ್ತು. ಭುಜಂಗಣ್ಣನ ಮುಖ ಮಾತ್ರ ಮೊದಲಿನಷ್ಟೇ ದೊಡ್ಡದಿತ್ತು.

ಅದೇ ದಿನ, ಕಾರ್ಯಕ್ರಮದ ನಡುವೆ, ಸಫಾರಿ ಹಾಕಿದ ಒಬ್ಬರು ಹಿಂದಿನ ಬಾಗಿಲಿನಿಂದ ಬಂದರು. ಹಯಗ್ರೀವರ ಕಿವಿಯಲ್ಲಿ ಯಾರೋ ಏನೋ ಹೇಳಿದರು. ಹಯಗ್ರೀವರು ಬೆವತು, ಭುಜಂಗಣ್ಣನ ಭಾಷಣವನ್ನೇ ತುಂಡು ಮಾಡಿ, ‘ಐರೋಲಿಯ ಖ್ಯಾತ ಭಜನಾ ಮಂಡಳಿಯ ಅಧ್ಯಕ್ಷರು ನಮ್ಮ ನಡುವೆ ಇದ್ದಾರೆ, ದಯವಿಟ್ಟು ವೇದಿಕೆಗೆ’ ಎಂದು ಕೂಗಿದರು. ಕುರ್ಚಿ ಬಂತು. ಶಾಲು ಬಂತು. ಸೇಬು, ದಾಳಿಂಬೆ, ಗೋಡಂಬಿ ಡಬ್ಬಿ, ಮೇಲೊಂದು ಅನಾನಸು ಇಟ್ಟ ಹಣ್ಣಿನ ಬುಟ್ಟಿ ಬಂತು.

ನಮ್ಮವರಲ್ಲಿ ಇದೊಂದು ಕ್ರಮ. ಬೇರೆ ಸಂಸ್ಥೆಯ ಪದಾಧಿಕಾರಿ ಸಭೆಯಲ್ಲಿ ಕಂಡರೆ ಮೇಲೆ ಕರೆದು ಹಣ್ಣು ಕೊಡಲೇಬೇಕು. ಬದಲಾಪುರದ ಒಬ್ಬರನ್ನು ಒಮ್ಮೆ ಕರೆಯಲು ಮರೆತದ್ದಕ್ಕೆ ಅವರು ಅರ್ಧ ಸದಸ್ಯರನ್ನು ಕರೆದುಕೊಂಡು ಹೋಗಿ ಬೇರೆ ಬಳಗ ಕಟ್ಟಿದ್ದರು. ಆಗಿನಿಂದ ಹಯಗ್ರೀವರು ಕನಸಿನಲ್ಲಿಯೂ ಅಧ್ಯಕ್ಷರನ್ನು ಎಣಿಸುತ್ತಾರಂತೆ.

‘ಅವರ ಮಂಡಳಿಯನ್ನು ಯಾರಾದ್ರೂ ನೋಡಿದ್ದಾರಾ?’ ಅಕ್ಕು ನನ್ನನ್ನು ಕೇಳಿದಳು.

‘ಮಂಡಳಿಯನ್ನು ಯಾರು ನೋಡ್ತಾರೆ ಮಾರಾಯ್ತಿ? ಶಾಲು ನೋಡ್ತಾರೆ.’

ಅಕ್ಕು ಆ ಬುಟ್ಟಿಯನ್ನೇ ನೋಡುತ್ತ ಕೂತಳು. ಅವಳು ಹಾಗೆ ನೋಡಿದರೆ ನನಗೆ ಭಯವಾಗುತ್ತದೆ.

ಹಿಂದಿರುಗುವಾಗ ಲೋಕಲಿನಲ್ಲಿ ನಮ್ಮ ಜೊತೆ ಸಾಬವ್ವನೂ ಇದ್ದಳು. ಸಾಬವ್ವ ವಿಜಾಪುರದ ಕಡೆಯವಳು, ಕಲ್ಯಾಣದಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದು ಸೊಂಟ ಹಿಡಿದ ಮೇಲೆ ಕಿಟ್ಟಿನ ಸಾಲಿಗೆ ಬಂದವಳು. ರೈಲು ಠಾಕುರ್ಲಿ ದಾಟುವುದರೊಳಗೆ ನಮ್ಮ ಮಂಡಳಿಯ ಸ್ಥಾಪನೆಯಾಯಿತು. ಕಲ್ಯಾಣ ಬರುವುದರೊಳಗೆ ಪದಾಧಿಕಾರಿಗಳ ಆಯ್ಕೆ ಅವಿರೋಧವಾಗಿ ಮುಗಿಯಿತು. ಅಕ್ಕು ಅಧ್ಯಕ್ಷೆ, ಸಾಬವ್ವ ಉಪಾಧ್ಯಕ್ಷೆ, ನಾನು ಕೋಶಾಧಿಕಾರಿ. ಸದಸ್ಯರು ಬೇಡವೆಂದು ತೀರ್ಮಾನವಾಯಿತು, ಸದಸ್ಯರಿಗೆ ಯಾರೂ ಹಣ್ಣು ಕೊಡುವುದಿಲ್ಲ.

‘ನಾ ಟಿಟ್ವಾಳಾದಾಗ ಇಲ್ಲಲ್ಲ ಯಕ್ಕಾ, ಕಲ್ಯಾಣದಾಗ ಇರ್ತೀನಿ’ ಎಂದಳು ಸಾಬವ್ವ.

‘ಅದಕ್ಕೇ ಪರಿಸರ ಅಂತ ಸೇರಿಸಿದ್ದು’ ಎಂದಳು ಅಧ್ಯಕ್ಷೆ.

ಮುಂದಿನ ತಿಂಗಳು ನಾವು ಮದುವೆಯ ಸೀರೆಗಳನ್ನು ಪೆಟ್ಟಿಗೆಯಿಂದ ತೆಗೆದೆವು. ಸಾಬವ್ವ ಇಳಕಲ್ ಉಟ್ಟಳು. ಬೇಗ ಹೋದರೆ ಬಡವರು ಅಂತ ತಿಳಿಯುತ್ತಾರೆಂದು ಸಭಾಗೃಹದ ಹೊರಗೆ ನಿಂತು, ಪ್ರಾರ್ಥನೆ, ಸ್ವಾಗತ, ದೀಪ ಎಲ್ಲ ಮುಗಿಸಲು ಬಿಟ್ಟು, ಭುಜಂಗಣ್ಣ ಮಾತಿಗೆ ನಿಂತ ಮೇಲೆ ಒಳಗೆ ಹೊಕ್ಕೆವು. ಬಾಗಿಲಲ್ಲಿದ್ದ ಸ್ವಯಂಸೇವಕನಿಗೆ ಅಕ್ಕು ಮೆಲ್ಲಗೆ, ‘ನಮ್ಮ ವಿಷಯ ಹೇಳುವುದೆಂತಕ್ಕೆ, ಹಿಂದೆ ಕೂತುಕೊಳ್ತೇವೆ’ ಎಂದು ಮಂಡಳಿಯ ಹೆಸರು ಹೇಳಿದಳು. ಆ ಹೆಸರು ವೇದಿಕೆ ಮುಟ್ಟಲು ನಾವು ಕುರ್ಚಿ ಮುಟ್ಟುವಷ್ಟು ಹೊತ್ತೂ ಹಿಡಿಯಲಿಲ್ಲ.

ಹಯಗ್ರೀವರು ನಮ್ಮನ್ನು ‘ಮಾತೃಸ್ವರೂಪಿಣಿಯರಾದ ಮಹಿಳಾ ಮುಖಂಡರು’ ಎಂದು ಕರೆದರು. ಗುರುತು ಹಿಡಿಯಲಿಲ್ಲವೇ ಎಂದು ನೀವು ಕೇಳಬಹುದು. ಹೇಗೆ ಹಿಡಿಯುತ್ತಾರೆ? ಪ್ರತಿ ತಿಂಗಳು ಕಿಟ್ ಕೊಡುವಾಗ ಅವರು ನೋಡುವುದು ಕ್ಯಾಮೆರಾವನ್ನು, ನಮ್ಮ ಮುಖವನ್ನಲ್ಲ. ನಾವು ಮೂವರೂ ಶಾಲು ಹೊದ್ದು, ಬುಟ್ಟಿಗಳನ್ನು ಮಡಿಲಲ್ಲಿಟ್ಟುಕೊಂಡು ಮಹಾರಾಣಿಯರ ಹಾಗೆ ಕೂತೆವು. ಗೋಡಂಬಿ ಡಬ್ಬಿಯನ್ನು ಸಾಬವ್ವ ಅಲ್ಲೇ ತೆರೆಯಲು ಹೊರಟಿದ್ದಳು, ನಾನು ಕೈ ಚಿವುಟಿದೆ.

ಆಮೇಲೆ ಹಯಗ್ರೀವರು ಇನ್ನೊಂದು ಕ್ರಮ ನೆನಪಿಸಿದರು. ‘ಈಗ ನಮ್ಮ ಗೌರವಾನ್ವಿತ ಅತಿಥಿಗಳ ಅಮೃತಹಸ್ತದಿಂದ ಕಿಟ್ ವಿತರಣೆ.’

ನಮ್ಮ ಬುದ್ಧಿವಂತಿಕೆಯಲ್ಲಿ ಇದೊಂದು ತೂತು ಉಳಿದುಬಿಟ್ಟಿತ್ತು. ಬುಟ್ಟಿಯ ಆಸೆಯಲ್ಲಿ, ನಮ್ಮ ಪಾಲಿನ ಚೀಲಕ್ಕೆ ಸಾಲಿನಲ್ಲಿ ನಿಲ್ಲುವವರು ಯಾರೆಂದು ನಾವು ಯೋಚಿಸಿಯೇ ಇರಲಿಲ್ಲ. ಸೇಬನ್ನು ಅನ್ನಕ್ಕೆ ಕಲಸಿ ಉಣ್ಣಲಾಗುತ್ತದೆಯೇ? ಅಕ್ಕು ನಗುತ್ತಲೇ ಒಂದೊಂದು ಚೀಲ ಎತ್ತಿ ಕೊಡುತ್ತಿದ್ದಳು. ಅವಳ ಕಣ್ಣು ಮಾತ್ರ ಉಳಿದ ಚೀಲಗಳ ಮೇಲಿತ್ತು.

‘ಸಾಬವ್ವ, ಕಲ್ಯಾಣ’ ಎಂದು ಹಯಗ್ರೀವರು ಓದಿದರು.

‘ಬಂದ್ನಿರೀ!’ ಎಂದು ನಮ್ಮ ಉಪಾಧ್ಯಕ್ಷೆ ವೇದಿಕೆಯ ಕುರ್ಚಿಯಿಂದ ಜಿಗಿದೆದ್ದಳು. ಬುಟ್ಟಿಯ ಅನಾನಸು ಉರುಳಿ ಭುಜಂಗಣ್ಣನ ಕಾಲ ಬಳಿ ನಿಂತಿತು.

‘ತಮ್ಮನ್ನಲ್ಲ, ಮಾನ್ಯ ಉಪಾಧ್ಯಕ್ಷರೇ...’

‘ನನ್ನ ಹೆಸರಽ ಕರದ್ರಲ್ರೀ. ಬ್ಯಾಳಿ ಕೊಡೂದಿಲ್ಲೇನ?’

ಸಭೆ ನಕ್ಕಿತು. ಸಾಲಿನಲ್ಲಿದ್ದವರು ಎಲ್ಲರಿಗಿಂತ ಜೋರಾಗಿ ನಕ್ಕರು. ಅಕ್ಕು ಮೈಕಿನ ಹತ್ತಿರ ಹೋಗಿ, ‘ಮುಂದಿನ ಹೆಸರು ನನ್ನದು, ಅದರ ಮುಂದಿನದು ಇವಳದ್ದು. ಮೂರೂ ಒಟ್ಟಿಗೆ ಕೊಡಿ, ಫೋಟೋ ಒಂದೇ ಸಾಕು’ ಎಂದಳು.

ಭುಜಂಗಣ್ಣನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಆದರೆ ಅವರು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಸಾವಿರ ಗಿರಾಕಿಗಳನ್ನು ಕಂಡ ಮನುಷ್ಯ. ಮೈಕ್ ತೆಗೆದುಕೊಂಡು ನಕ್ಕರು. ‘ಒಳ್ಳೇದಾಯ್ತು. ಇನ್ನು ಇವರು ಒಂದು ಸಂಸ್ಥೆ. ಸಂಸ್ಥೆಗೆ ಒಂದೇ ಕಿಟ್ ಕೊಡುವುದು ನಮ್ಮ ನಿಯಮ, ಮೂರಲ್ಲ. ಮತ್ತೆ, ಅಧ್ಯಕ್ಷರಾದವರು ಸನ್ಮಾನ ತೆಗೆದುಕೊಂಡು ಸುಮ್ಮನೆ ಇಳಿದು ಹೋಗುವ ಕ್ರಮ ಇಲ್ಲ. ದೇಣಿಗೆ ಘೋಷಿಸಬೇಕು. ಏನು ಅಕ್ಕು ಅಮ್ಮ, ಎಷ್ಟು ಬರೆಯಲಿ?’

ಚಪ್ಪಾಳೆ ಬಿತ್ತು. ಕೋಶಾಧಿಕಾರಿಯಾದ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

‘ಬರೆಯಿರಿ’ ಎಂದಳು ಅಕ್ಕು. ‘ಬರುವ ಭಾನುವಾರ ಮಧ್ಯಾಹ್ನ ಇಡೀ ಕಮಿಟಿಗೆ ನಮ್ಮ ಮಂಡಳಿಯ ವತಿಯಿಂದ ಊಟ. ಹೆಂಡತಿಯರನ್ನೂ ಕರಕೊಂಡು ಬನ್ನಿ. ಬೆಳಿಗ್ಗೆ ಟಿಟ್ವಾಳಾ ಗಣಪತಿಯ ದರ್ಶನವೂ ಆಯ್ತು.’

ವೇದಿಕೆಯಲ್ಲಿ ಊಟಕ್ಕೆ ಕರೆದರೆ ಒಲ್ಲೆ ಎನ್ನುವುದು ನಮ್ಮವರಲ್ಲಿ ಮದುವೆ ಮುರಿದಷ್ಟು ದೊಡ್ಡ ಅಪರಾಧ. ಭುಜಂಗಣ್ಣ ಕೈ ಮುಗಿದರು. ಬೇರೇನೂ ಮಾಡುವಂತಿರಲಿಲ್ಲ.

ರೈಲಿನಲ್ಲಿ ನಾನು ಅಕ್ಕುವನ್ನು ಬಾಯಿಗೆ ಬಂದ ಹಾಗೆ ಬೈದೆ. ಮೂರು ಮನೆಗೆ ಅರ್ಧ ಕಿಲೋ ಬೇಳೆ. ಅದನ್ನೂ ಉಂಡು ತೇಗುವವರ ಬಾಯಿಗೆ ಹಾಕಲು ಹೊರಟಿದ್ದಾಳೆ. ‘ಯಜ್ಞೇಶ್ವರಣ್ಣನ ಮಾತ್ರೆಗೆ ಎಂತ ಮಾಡ್ತಿ? ಸೇಬಿನ ಸಾರು ಮಾಡ್ತಿಯಾ?’

‘ಹೇಗೂ ಅರ್ಧ ಕಿಲೋ ಮೂರು ಮನೆಗೆ ತಿಂಗಳು ಬರುವುದಿಲ್ಲ’ ಎಂದಳು. ‘ಬಾರದ್ದನ್ನು ಒಂದೇ ದಿನ ಮುಗಿಸಿದರೆ ಏನಾಯ್ತು? ಒಂದು ಸಲ ಅವರೂ ನೋಡಲಿ.’

‘ನೋಡದಿದ್ರೆ?’

ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡು ಕಿಟಕಿಯಾಚೆ ನೋಡಿದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಅಳುವೂ ಬಂತು.

ಸಾಬವ್ವ ಮೂರೂ ಬುಟ್ಟಿಗಳನ್ನು ಕಲ್ಯಾಣ ಸ್ಟೇಶನ್ನಿನ ಹೊರಗೆ ಮಾರಿ ತೆಂಗಿನಕಾಯಿ, ಸಿಹಿಗುಂಬಳ, ಬೀನ್ಸ್, ಎಲೆ ತಂದಳು. ಶಾಲುಗಳನ್ನು ಯಾರೂ ಕೊಳ್ಳಲಿಲ್ಲ. ಈ ಊರಿನಲ್ಲಿ ಶಾಲು ಇಲ್ಲದವರು ಯಾರಿದ್ದಾರೆ? ಭಾನುವಾರ ಯಜ್ಞೇಶ್ವರಣ್ಣನ ಮಂಚವನ್ನು ಒಲೆಯ ಹತ್ತಿರ ಎಳೆದೆವು. ಎರಡು ವರ್ಷದಲ್ಲಿ ಅವರು ಅಷ್ಟು ಖುಷಿಯಲ್ಲಿದ್ದದ್ದನ್ನು ನಾನು ಕಂಡಿರಲಿಲ್ಲ. ಮಲಗಿದಲ್ಲಿಂದಲೇ ಎಡಗೈಯಲ್ಲಿ ಸೌಟು ಬೀಸುತ್ತ ಹುಕುಂ ಕೊಟ್ಟರು. ತೊವ್ವೆ ಸೌಟಿನಿಂದ ಬೀಳಬೇಕು, ಹರಿಯಬಾರದು. ಹುಳಿಗೆ ಬೇಳೆ ಕಡಿಮೆಯಾದರೆ ತೆಂಗಿನಕಾಯಿ ಚಾಡಿ ಹೇಳುತ್ತದೆ. ‘ಹೋಟೆಲಿನವರು ಬರ್ತಾ ಇದ್ದಾರೆ, ನೀರು ಹಾಕಿ ಎಳೆದರೆ ನನ್ನ ಮರ್ಯಾದೆ ಹೋಗ್ತದೆ’ ಎಂದರು. ಪೊಟ್ಟಣ ಪೂರ್ತಿ ಖಾಲಿಯಾಯಿತು. ಅಕ್ಕು ಅದನ್ನು ಕೊಡವಿ ಕೊನೆಯ ನಾಲ್ಕು ಕಾಳನ್ನೂ ಪಾತ್ರೆಗೆ ಹಾಕಿದಳು.

ಅವರು ದರ್ಶನ ಮುಗಿಸಿ ಹಣೆಗೆ ಕುಂಕುಮ ಹಚ್ಚಿಕೊಂಡು ಬಂದರು. ಹೆಂಗಸರು ಗಂಡಸರು ಸೇರಿ ಹನ್ನೆರಡು ಮಂದಿ. ಚಾಳಿನ ಗ್ಯಾಲರಿಯಲ್ಲಿ ಚಾಪೆ ಹಾಸಿ ಪಂಕ್ತಿ ಹಾಕಿದೆವು. ಮೊದಲ ಎಲೆ ಭುಜಂಗಣ್ಣನದು. ಉಪ್ಪು, ಪಲ್ಯ, ಅನ್ನ, ತೊವ್ವೆ ಬಿತ್ತು. ಮೊದಲ ತುತ್ತಿಗೇ ಭುಜಂಗಣ್ಣ ಕಣ್ಣು ಮುಚ್ಚಿದರು. ಹಯಗ್ರೀವರು ‘ಅಪೂರ್ವ, ಅನುಪಮ, ಅಮೋಘ’ ಎಂದು ಒಂದೊಂದು ತುತ್ತಿಗೆ ಒಂದೊಂದು ಅಂದರು. ಮನೆಯವರು ಆಗ್ರಹ ಮಾಡಿ ಬಡಿಸಬೇಕು, ಉಣ್ಣುವವರು ಬೇಡ ಬೇಡ ಎಂದು ಹಾಕಿಸಿಕೊಳ್ಳಬೇಕು. ಹಾಗೆಯೇ ನಡೆಯಿತು. ಹುಳಿ ಒಂದು ಸುತ್ತು, ಸಾರು ಒಂದು ಸುತ್ತು. ನಾನು ಎರಡನೆಯ ಸಲ ಅನ್ನ ಬಡಿಸಿದೆ. ಅನ್ನಕ್ಕೇನು, ರೇಷನ್ನಿನದು ಧಾರಾಳವಾಗಿತ್ತು. ಭುಜಂಗಣ್ಣ ಅನ್ನವನ್ನು ಗುಡ್ಡೆ ಮಾಡಿ, ನಡುವೆ ಬೆರಳಿನಿಂದ ಗುಂಡಿ ತೋಡಿ, ಸಾರಿಗಾಗಿ ಕಾದರು. ಸಾಲಿಗೆ ಸಾಲೇ ಗುಂಡಿ ತೋಡಿ ಕಾದು ಕೂತಿತು.

ಅಕ್ಕು ಖಾಲಿ ಪಾತ್ರೆ ಹಿಡಿದು ಬಂದು ನಿಂತಳು. ‘ಮುಗಿಯಿತು.’

‘ತಮಾಷೆ ಮಾಡ್ಬೇಡಿ ಮಾರಾಯ್ರೆ’ ಎಂದು ಭುಜಂಗಣ್ಣ ನಕ್ಕರು. ‘ಒಳಗೆ ಉಂಟಲ್ವಾ?’

‘ಒಳಗೆ ನನ್ನ ಗಂಡ ಉಂಟು.’

‘ಸ್ವಲ್ಪ ಬೇಳೆ ಬೇಯಿಸಿದ್ರೆ ಆಯ್ತಪ್ಪ. ನಮಗೆ ಗಡಿಬಿಡಿ ಇಲ್ಲ.’

‘ನೀವು ಕೊಟ್ಟ ಬೇಳೆ ಇಷ್ಟೇ ಭುಜಂಗಣ್ಣ. ಪೊಟ್ಟಣ ಬೇಕಾದ್ರೆ ತೋರಿಸ್ತೇನೆ.’

ಭುಜಂಗಣ್ಣ ಹೋಟೆಲಿನವರು. ಅರ್ಧ ಕಿಲೋದಲ್ಲಿ ಎಷ್ಟು ಎಲೆ ಏಳುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಲೆಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿದರು. ಅವರ ನಗು ಅರ್ಧಕ್ಕೆ ನಿಂತಿತು. ಹಯಗ್ರೀವರು ಗುಂಡಿಯ ಅಂಚಿನ ಅನ್ನವನ್ನು ಒಳಗೆ ದೂಡಿ ಮುಚ್ಚಲು ನೋಡಿದರು.

‘ನೀವು ಮೂವರು ಯಾವಾಗ ಕೂರುವುದು ಊಟಕ್ಕೆ?’ ಭುಜಂಗಣ್ಣ ಸಣ್ಣ ದನಿಯಲ್ಲಿ ಕೇಳಿದರು.

‘ಬರುವ ತಿಂಗಳು’ ಎಂದಳು ಅಕ್ಕು.

ಯಾರೂ ನಗಲಿಲ್ಲ. ಸಾಬವ್ವ ಮಾತ್ರ ಗೋಡೆಗೆ ಒರಗಿ, ‘ನಮಗ ಹೊಟ್ಟಿ ಹಸದಿಲ್ಲ ಬಿಡ್ರಿ’ ಎಂದಳು. ಬೆಳಗಿನಿಂದ ಕಾಯಿ ತುರಿದವಳು ಅವಳೇ. ತುರಿದದ್ದನ್ನು ಒಂದು ಚಿಟಿಕೆಯೂ ಬಾಯಿಗೆ ಹಾಕಿರಲಿಲ್ಲ, ನಾನು ನೋಡಿದ್ದೇನೆ.

ಎಲೆಯಲ್ಲಿ ಅನ್ನ ಬಿಟ್ಟು ಏಳಬಾರದು. ಎದ್ದರೆ ಆ ಊಟ ಮುಗಿದ ಹಾಗೆ, ಮತ್ತೆ ಕೂರುವಂತಿಲ್ಲ. ಮೊದಲ ಎಲೆಯವರು ಎದ್ದರೆ ಇಡೀ ಪಂಕ್ತಿ ಎದ್ದ ಹಾಗೆ. ಇದು ಹನ್ನೆರಡು ಮಂದಿಗೂ ಗೊತ್ತಿತ್ತು, ಆದರೂ ಭುಜಂಗಣ್ಣ ಎದ್ದರು. ‘ಅಯ್ಯೋ’ ಎಂದರು ಅವರ ಹೆಂಡತಿ. ಉಳಿದವರೂ ಗುಂಡಿಗಳನ್ನು ಹಾಗೆಯೇ ಬಿಟ್ಟು ಒಬ್ಬೊಬ್ಬರಾಗಿ ಏಳಬೇಕಾಯಿತು. ಹಯಗ್ರೀವರು ಕೊನೆಗೆದ್ದರು, ಎಲೆಯನ್ನೇ ನೋಡುತ್ತ.

ಭುಜಂಗಣ್ಣ ಕೈ ತೊಳೆದವರೇ ಮೆಟ್ಟಿಲಿಳಿದು ಕೆಳಗಿನ ಕಿರಾಣಿ ಅಂಗಡಿಗೆ ಹೋದರು. ಗ್ಯಾಲರಿಯಿಂದ ನಮಗೆಲ್ಲ ಕೇಳಿಸುತ್ತಿತ್ತು.

‘ಪಾಂಚ್ ಕಿಲೋ ತೂರ್ ದಾಲ್ ದೇನಾ.’

‘ಪಾಂಚ್ ಕಿಲೋ ಇಧರ್ ಕೌನ್ ಲೇತಾ ಹೈ ಸೇಠ್? ಪಾವ್ ಪಾವ್ ಕಾ ಪಾಕಿಟ್ ಹೈ.’

ಐದು ಕಿಲೋ ಕೊಳ್ಳುವವರು ಇಲ್ಲಿ ಯಾರೂ ಇಲ್ಲ, ಅವನು ಇಟ್ಟಿದ್ದು ಕಾಲು ಕಿಲೋದ ಪೊಟ್ಟಣಗಳನ್ನೇ. ಆಮೇಲೆ ಬೆಲೆ ಕೇಳಿ ಭುಜಂಗಣ್ಣ ಸಿಡಿದುಬಿದ್ದರು. ವಾಶಿ ಮಾರ್ಕೆಟ್ಟಿನಲ್ಲಿ ತಾನು ಚೀಲಗಟ್ಟಲೆ ಕೊಳ್ಳುವ ಬೇಳೆ ಇದಕ್ಕಿಂತ ಒಳ್ಳೆಯದು, ಇದಕ್ಕಿಂತ ಎಷ್ಟೋ ಅಗ್ಗ, ಇದೇನು ಹಗಲು ದರೋಡೆಯೇ ಎಂದು ಕೂಗಾಡಿದರು. ಅಂಗಡಿಯವನಿಗೆ ಆಶ್ಚರ್ಯ. ಪಾವು ಕಿಲೋ ಕೊಳ್ಳುವವರು ಯಾರೂ ಅವನ ಹತ್ತಿರ ಹೀಗೆ ಜಗಳವಾಡಿದವರಲ್ಲ. ಕೊನೆಗೆ ಇದ್ದಷ್ಟು ಪೊಟ್ಟಣಗಳನ್ನು ಎದೆಗೆ ಅವಚಿಕೊಂಡು, ಏದುಸಿರು ಬಿಡುತ್ತ ಮೇಲೆ ಬಂದರು.

‘ಈ ರೇಟಿಗೆ ಯಾರು ತಿಂತಾರೆ ಇದನ್ನು?’ ಎಂದರು ಅಕ್ಕುವಿಗೆ, ಅವಳೇ ಬೆಲೆ ಏರಿಸಿದ ಹಾಗೆ.

‘ತಿನ್ನುವುದಿಲ್ಲ ಭುಜಂಗಣ್ಣ, ಅದನ್ನೇ ಅಲ್ವಾ ನಾನೂ ಹೇಳಿದ್ದು.’

ಕುಕ್ಕರ್ ಕೂಗಿತು. ಎರಡನೆಯ ಪಂಕ್ತಿ ನಮ್ಮದು. ಮೊದಲ ಪಂಕ್ತಿಯಲ್ಲಿ ಉಂಡವರು ಎರಡನೆಯದಕ್ಕೆ ಬಡಿಸುವುದು ಎಲ್ಲ ಕಡೆ ಇರುವ ಕ್ರಮ. ಸೌಟು ಭುಜಂಗಣ್ಣನ ಕೈಗೆ ಹೋಯಿತು. ಸಪ್ಲಾಯರ್ ಆಗಿದ್ದ ಕೈ, ಮರೆತಿರಲಿಲ್ಲ, ಹನಿ ಚೆಲ್ಲದೆ ಬಡಿಸಿದರು. ಯಜ್ಞೇಶ್ವರಣ್ಣನಿಗೆ ಒಳಗೆ ಬಟ್ಟಲಲ್ಲಿ ಕೊಟ್ಟು ಬಂದರು. ಹಯಗ್ರೀವರು ನೀರು ಹಾಕುತ್ತ ಬಂದರು, ಒಂದು ವಿಶೇಷಣವೂ ಇಲ್ಲದೆ.

ಅಕ್ಕುವಿನ ಎಲೆಗೆ ಗಟ್ಟಿ ತೊವ್ವೆ ಬಿತ್ತು. ಮೇಲಿನ ತಿಳಿಯಲ್ಲ, ತಳದ ಗಟ್ಟಿ. ‘ಗ್ಯಾಸ್ಟ್ರಿಕ್’ ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ತಲೆ ಬಗ್ಗಿಸಿ ತಿನ್ನಲು ಶುರು ಮಾಡಿದಳು. ಮಾತಿಲ್ಲ, ಮೇಲೆ ನೋಡಿದ್ದಿಲ್ಲ. ಒಂದು ತುತ್ತು ಇಳಿಯುವ ಮೊದಲೇ ಇನ್ನೊಂದು ಬಾಯಿಗೆ ಹೋಗುತ್ತಿತ್ತು. ಮೂರನೆಯ ಸಲ ಬಡಿಸಿದಾಗಲೂ ಅವಳು ಬೇಡ ಎನ್ನಲಿಲ್ಲ, ಬೇಡ ಎನ್ನುವ ಆಗ್ರಹದ ಆಟವೇ ಅವಳಿಗೆ ಮರೆತುಹೋಗಿತ್ತು. ಎರಡು ಹೋಟೆಲುಗಳಲ್ಲಿ ದಿನಕ್ಕೆ ನೂರಾರು ಜನ ಉಣ್ಣುವುದನ್ನು ನೋಡುವ ಭುಜಂಗಣ್ಣ ಸೌಟು ಹಿಡಿದುಕೊಂಡು ಗೋಡೆಯ ಕಡೆಗೆ ತಿರುಗಿ ನಿಂತರು.

ನಿಧಾನ ಮಾರಾಯ್ತಿ, ಯಾರೂ ಕಸಿದುಕೊಳ್ಳುವುದಿಲ್ಲ ಎಂದು ನಾನು ಹೇಳಬೇಕಿತ್ತು. ಆದರೆ ನನ್ನ ಬಾಯಿಯೂ ತುಂಬಿತ್ತು.